ಸಂಡಿಗೆ ಕಾದ ವಾಯುಪಡೆ

ನಿವೃತ್ತನಾದ ಗಂಡಸನ್ನು ಸುಮ್ಮನೆ ಕೂರಿಸಿದ ಮನೆ ಈ ಸೀಮೆಯಲ್ಲೇ ಇಲ್ಲ. ವಾಯುಪಡೆಯಲ್ಲಿ ಯುದ್ಧವಿಮಾನಗಳ ರಿಪೇರಿ ಮಾಡಿಕೊಂಡಿದ್ದವನು ನಾನು. ಹಾರಿಸಿದವನಲ್ಲ, ಆದರೆ ಕಿಕ್ಕೇರಿಯ ಟೀ ಅಂಗಡಿಯಲ್ಲಿ ನನ್ನ ಮಾತು ಕೇಳಿದವರಿಗೆ ಹಾಗನ್ನಿಸುವುದಿಲ್ಲ. ಅಂಥವನಿಗೆ ಹೆಂಡತಿ ಜಯಮ್ಮ ಮಹಡಿಯ ಮೇಲೆ ಸಂಡಿಗೆ ಕಾಯುವ ಕೆಲಸ ಕೊಟ್ಟಳು. ಬೂಕನಕೆರೆಯಲ್ಲಿ ಅವಳ ಅಕ್ಕನ ಮಗಳ ಮದುವೆ. ಸಂಡಿಗೆಯೆಲ್ಲ ತನ್ನದೇ ಎಂದು ನೆಂಟರೆದುರು ಮಾತು ಕೊಟ್ಟುಬಿಟ್ಟಿದ್ದಳು. “ಇದು ಕೋತಿ ಪಾಲಾದ್ರೆ ಅಕ್ಕನ್ ಮನೆ ಹೊಸಲು ತುಳಿಯಾಕಿಲ್ಲ ಕಣ್ರೀ” ಎಂದಳು.

ಮೊದಲ ಮಹಾಯುದ್ಧದಲ್ಲಿ ವಿಮಾನಗಳು ಒಂದರ ಬಾಲ ಒಂದು ಹಿಡಿಯಲು ಸುತ್ತುತ್ತಿದ್ದವು. ನಾನೂ ದೊಣ್ಣೆ ಹಿಡಿದು ಕೋತಿಯ ಬಾಲದ ಹಿಂದೆ ಸುತ್ತಿದೆ. ಅದು ಗಿರಕ್ಕನೆ ತಿರುಗಿ ನನ್ನ ಬೆನ್ನ ಹಿಂದೆ ಬಂದು ಪಂಚೆ ಎಳೆಯಿತು. ಆಮೇಲಿನ ಯುದ್ಧದ ಪೈಲಟ್ಟುಗಳು ಎತ್ತರ, ವೇಗ ಇದ್ದವನೇ ಗೆಲ್ಲುತ್ತಾನೆ ಎಂದರು. ನೀರಿನ ಟ್ಯಾಂಕ್ ಹತ್ತಿ ಕೂತೆ. ಎತ್ತರ ಸಿಕ್ಕಿತು, ವೇಗಕ್ಕೆ ನನ್ನ ಮಂಡಿ ಒಪ್ಪಲಿಲ್ಲ. ಮುಂದೆ ಕ್ಷಿಪಣಿ ಬಂತು. ದೂರದಿಂದಲೇ ಹೊಡೆಯುವಾಗ ಗನ್ನು ಯಾಕೆ ಎಂದು ಕೆಲವು ವಿಮಾನಗಳಲ್ಲಿ ಗನ್ನೇ ಇಡಲಿಲ್ಲ. ಯುದ್ಧದಲ್ಲಿ ಪೇಚಿಗೆ ಸಿಕ್ಕಿ ಮತ್ತೆ ಇಟ್ಟರು. ಇಷ್ಟು ಗೊತ್ತಿದ್ದ ನಾನು ಕವಣೆ ನಂಬಿಕೊಂಡು ದೊಣ್ಣೆಯನ್ನು ಕೆಳಗೇ ಬಿಟ್ಟೆ! ಕಲ್ಲು ಮುಗಿಯಿತು. ದೊಡ್ಡ ಕೋತಿ ಎದುರಿಗೇ ಕೂತು ಸಂಡಿಗೆ ಮೆದ್ದಿತು. ಅರ್ಧಕ್ಕರ್ಧ ಹೋಯಿತು.

ಜಯಮ್ಮನ ಕಣ್ಣು ತುಂಬಿತು. ಸಮಾಧಾನ ಮಾಡಲು ನನಗೆ ಬರುವುದು ಒಂದೇ, ಪಾಠ. “ಈಗಿನ ವಿಮಾನ ಒಂಟಿಯಾಗಿ ಕಾದಾಡಲ್ಲ ಕಣೇ. ಶತ್ರು ಯಾರ ಕಣ್ಣಿಗೆ ಮೊದಲು ಬಿದ್ದನೋ ಅವರು ಮಿಕ್ಕವರಿಗೆಲ್ಲ ಹೇಳ್ತಾರೆ” ಎಂದೆ.

“ಅಷ್ಟು ಗೊತ್ತಿದ್ದೂ ಒಬ್ರೇ ಕುಣುದ್ರಲ್ರೀ!” ಎಂದು ಎದ್ದವಳು ಮತ್ತೆ ಹಿಟ್ಟು ಬೇಯಿಸಿ, ಕೋತಿ ಕಂಡವರು ಮಿಕ್ಕವರಿಗೆಲ್ಲ ತಿಳಿಸಬೇಕೆಂದು ಬೀದಿಯ ಹೆಂಗಸರಿಗೆಲ್ಲ ಹೇಳಿಬಂದಳು.

ಮಾರನೆಯ ದಿನ ಬೀದಿ ಕೊನೆಯ ಮನೆಯ ಸಾಕಮ್ಮನ ಫೋನು ಬಂತು. “ಜಯಕ್ಕಾ, ಉಣ್ಸೆಮರಕ್ಕೆ ಬಂದ್ಬುಟ್ಟವೆ!” ಅಷ್ಟೇ, ಬೀದಿಯ ಮಹಡಿಗಳಲ್ಲೆಲ್ಲ ಒಟ್ಟಿಗೇ ತಟ್ಟೆಗಳು ಗದ್ದಲವೆಬ್ಬಿಸಿದವು. ಕೋತಿಗಳು ಇಳಿಯಲು ಜಾಗವಿಲ್ಲದೆ ಕೆರೆ ಏರಿಯತ್ತ ಕಾಲಿಗೆ ಬುದ್ಧಿ ಹೇಳಿದವು. ಭಲೇ! ನಾನು ಟ್ಯಾಂಕಿನ ಮೇಲೆ ನಿಂತು ಸೆಲ್ಯೂಟ್ ಹೊಡೆದೆ. ಒಂದು ಸಂಡಿಗೆಯೂ ಹೋಗಲಿಲ್ಲ. ಮದುವೆಯಲ್ಲಿ ಜನ ಕೇಳಿ ಕೇಳಿ ಹಾಕಿಸಿಕೊಂಡರು. ಜಯಮ್ಮ ಎದೆಯುಬ್ಬಿಸಿ ಬಡಿಸಿದಳು. ನನಗಂತೂ ಯುದ್ಧವನ್ನೇ ಗೆದ್ದ ಖುಷಿ.

ಊರಿಗೆ ಬಂದು ಮುಂದಿನ ಸಂಡಿಗೆ ಹಾಕಿದ ದಿನ ಮೀಸೆ ತಿರುವುತ್ತ ಮಹಡಿ ಹತ್ತಿದೆ. ನನ್ನ ಕುರ್ಚಿಯಲ್ಲಿ, ನನ್ನ ಹಳೇ ಯೂನಿಫಾರಮ್ಮಿಗೆ ಹುಲ್ಲು ತುಂಬಿ ಒಬ್ಬನನ್ನು ಕೂರಿಸಿದ್ದರು.

“ನೀವು ಕೆಳೀಕ್ ಓಗಿ, ಇವ್ನು ತೂಕಡ್ಸಾಕಿಲ್ಲ” ಎಂದಳು ಜಯಮ್ಮ.

ಯುದ್ಧವಿಮಾನಗಳ ಈಚಿನ ಪಾಠದಲ್ಲಿ ಪೈಲಟ್ಟನ್ನೇ ಕೆಳಗಿಳಿಸಿ ಬರೀ ವಿಮಾನವನ್ನು ಹಾರಿಸುತ್ತಾರೆ. ಆಣೆಗೂ ಅದನ್ನು ನಾನು ಅವಳಿಗಿನ್ನೂ ಹೇಳಿರಲಿಲ್ಲ.