ವೆರ್ನಾಲ್ ಪಟ್ಟಣದ ನೆರೆಯ ಗೆರೆ

ಲ್ವಾರ್ ನದಿಯ ದಡದ ವೆರ್ನಾಲ್ ಪಟ್ಟಣಕ್ಕೆ ಇತಿಹಾಸವೇನೋ ಇತ್ತು. ಆದರೆ ಅದು ಮೊಣಕಾಲಿನ ಮಟ್ಟದಲ್ಲಿತ್ತು. ವಿಧವೆ ಇರ್ಮೀನ್ ವಸ್ಸಾರ್ ಮನೆಯ ಹೊರಗೋಡೆಯಲ್ಲಿ, ಅಜ್ಜಿಯ ಕಾಲದ ದೊಡ್ಡ ನೆರೆ ಎಲ್ಲಿಯವರೆಗೆ ಏರಿತ್ತೆಂದು ತೋರಿಸುವ ಗೆರೆಕಲ್ಲೊಂದಿತ್ತು. ಪ್ರವಾಸಿಗಳು ಅದನ್ನು ಬಗ್ಗಿ ನೋಡಿ, ಸೊಂಟ ಹಿಡಿದುಕೊಂಡು ಪಕ್ಕದೂರಿಗೆ ಹೋಗುತ್ತಿದ್ದರು. ಅಲ್ಲಿಯ ಗೆರೆ ಬಾಗಿಲಿಗಿಂತ ಮೇಲಿತ್ತು. ಊಟವನ್ನೂ ಅಲ್ಲೇ ಮಾಡುತ್ತಿದ್ದರು.

ಪುರಸಭೆ ಸರ್ವಾನುಮತದಿಂದ ಠರಾವು ಮಾಡಿತು: "ನಮ್ಮ ಪೂರ್ವಿಕರ ಸಂಕಟವನ್ನು ಇಷ್ಟು ಕೆಳಮಟ್ಟದಲ್ಲಿ ದಾಖಲಿಸಿರುವುದು ವಿಷಾದನೀಯ. ಸದರಿ ಕಲ್ಲನ್ನು ಗೌರವಯುತ ಎತ್ತರಕ್ಕೆ ಏರಿಸತಕ್ಕದ್ದು."

ಮೇಯರ್ ಅನ್ಸೆಲ್ಮ್ ಪ್ರೂವೋ ಏಣಿ ತರಿಸಿದರು. ಕಲ್ಲು ಮಹಡಿಯ ಮಲಗುವ ಕೋಣೆಯ ಕಿಟಕಿಗಿಂತ ಮೇಲೆ ಕೂತಿತು.

"ಮೇಯರ್ ಸಾಹೇಬ್ರೇ, ಅಷ್ಟು ನೀರು ಬಂದಿದ್ರೆ ನಮ್ಮಜ್ಜಿ ಉಳೀತಿದ್ಲಾ? ನಾನು ಹುಟ್ತಿದ್ನಾ?"

"ಮದಾಮ್, ನೀವು ಹುಟ್ಟಿದ್ದಕ್ಕೆ ಪುರಸಭೆಯ ಆಕ್ಷೇಪಣೆ ಏನಿಲ್ಲ."

ಪ್ರವಾಸಿಗಳು ಕತ್ತೆತ್ತಿ ನೋಡಿ ನಡುಗಿದರು, ನಡುಗಿದವರಿಗೆ ಹಸಿವಾಯಿತು, ಊರಿನ ಹೋಟೆಲುಗಳು ತುಂಬಿದವು. ಖ್ಯಾತಿ ಕೇಳಿ ಜಿಲ್ಲೆಯ ನೆರೆ ಸುರಕ್ಷತಾ ಅಧಿಕಾರಿಯೂ ಬಂದ. ನಿಯಮ ಸ್ಪಷ್ಟವಿತ್ತು: ನೆರೆ ದಾಖಲಾದ ಅಂತಸ್ತಿನಲ್ಲಿ ಯಾರೂ ಮಲಗುವಂತಿಲ್ಲ. ಇರ್ಮೀನ್ ಗಂಡನೊಡನೆ ಬಾಳಿದ ಕೋಣೆಗೆ ಬೀಗ ಬಿತ್ತು.

"ಹಾಗಾದ್ರೆ ನಾನು ಎಲ್ಲಪ್ಪಾ ಮಲಗ್ಲಿ?"

"ಕೆಳಗೆ. ಅಲ್ಲಿ ಕಲ್ಲಿಲ್ಲವಲ್ಲ, ನೆರೆ ಬಂದಿಲ್ಲ ಅಂತ ಅರ್ಥ."

"ಮತ್ತೆ ಮೇಲಕ್ಕೆ ನೀರು ಹಾರ್ಕೊಂಡು ಹೋಯ್ತಾ?"

"ಅದನ್ನ ನದಿ ಶಾಖೆಯವ್ರನ್ನ ಕೇಳಿ. ನಮ್ದು ಮನೆಗಳ ಶಾಖೆ."

ಮಂಚ ಕೆಳಗಿಳಿಯಿತು. ಚಳಿಗಾಲದಲ್ಲಿ ನದಿ ಬಾಗಿಲು ತಟ್ಟದೆ ಒಳಗೆ ಬಂತು. ಹಾಸಿಗೆ ನೆನೆಯಿತು, ಕುರ್ಚಿ ತೇಲಿತು. ಇರ್ಮೀನ್ ಊಟದ ಮೇಜು ಹತ್ತಿ ಕೂಗಿಕೊಂಡಳು. ಮೇಯರರು ರಬ್ಬರ್ ಬೂಟು ಹಾಕಿಕೊಂಡು ಬಂದು, ಮೊದಲು ಹೊರಗೆ ನಿಂತು ಕಲ್ಲನ್ನು ನೋಡಿದರು.

"ಗೆರೆ ಎಲ್ಲಿ, ನೀರೆಲ್ಲಿ! ಇದು ನೆರೆ ಅಲ್ಲ ಮದಾಮ್, ಬರೀ ತೇವ."

"ಅಯ್ಯೋ, ಮುಳುಗ್ತಾ ಇದೀನಿ! ಮಹಡಿ ಬೀಗ ತೆಗೀರಿ!"

"ಇಂಥಾ ಹವಾಮಾನದಲ್ಲಿ ಮೇಲಕ್ಕಾ? ಅದು ಅಪಾಯದ ಜಾಗ. ನಾಳೆ ನಿಮಗೇನಾದ್ರೂ ಆದ್ರೆ ನಾನಲ್ವಾ ಉತ್ತರ ಹೇಳ್ಬೇಕು?"

ಅಷ್ಟರಲ್ಲಿ ಪ್ರವಾಸಿಗಳ ದೋಣಿಯೊಂದು ಬೀದಿಯಲ್ಲೇ ತೇಲುತ್ತ ಬಂದು ಕಿಟಕಿಯ ಬಳಿ ನಿಂತಿತು. ಎಲ್ಲರೂ ಕಲ್ಲನ್ನು ನೋಡಿದರು, ನೀರನ್ನು ನೋಡಿದರು, ಮುಖ ಸಣ್ಣ ಮಾಡಿಕೊಂಡರು.

"ಇಷ್ಟೇನಾ?" ಎಂದಳೊಬ್ಬಳು.

ಅಷ್ಟು ದೂರದಿಂದ ಬಂದವರು ಬೇಸರಪಟ್ಟದ್ದು ನೋಡಿ ಇರ್ಮೀನ್‌ಗೆ ಸಂಕೋಚವಾಯಿತು. ಒದ್ದೆ ಕಾಲುಗಳನ್ನು ಮೇಜಿನ ಮೇಲೆ ಎಳೆದುಕೊಂಡು, ಊರಿನ ಪರವಾಗಿ ಹೇಳಿದಳು:

"ಕ್ಷಮಿಸ್ಬೇಕು ಕಣ್ರಮ್ಮಾ, ಈ ವರ್ಷ ನೆರೆ ಬರ್ಲಿಲ್ಲ."