ಷಡಕ್ಷರಿ ಭಾವನ ಒಂದೇ ಕೋಣೆ

ರಸ್ತೆ ಅಗಲ ಮಾಡಿದಾಗ ತುಮಕೂರಿನ ಗಾಣಿಗರ ಬೀದಿಯಲ್ಲಿ ನಲವತ್ತು ಮನೆ ಹೋದವು. ನಮ್ಮ ಷಡಕ್ಷರಿ ಭಾವನ ಎಂಟು ಕೋಣೆಯ ಮನೆಯಲ್ಲಿ ಹಿಂದಿನದೊಂದು ಕೋಣೆ ಉಳಿಯಿತು. ಭಾವ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತರಾದವರು. ಸುಮ್ಮನೆ ಕೂರುವ ಜಾತಿಯಲ್ಲ.

ಒಂದು ಭಾನುವಾರ ನನ್ನನ್ನು ಕರೆಸಿ, ಆ ಕೋಣೆಯ ನಡುವೆ ನಿಲ್ಲಿಸಿ, ತಾವೇ ಮಾಡಿ ಗೋಡೆಗೆ ಕೂರಿಸಿದ್ದ ಯಂತ್ರದ ಎಂಟು ಗುಂಡಿಗಳಲ್ಲಿ ಒಂದನ್ನು ಒತ್ತಿದರು. ನಾನು ಒಡೆದುಹೋಗಿದ್ದ ಹಳೇ ಅಡುಗೆಮನೆಯಲ್ಲಿದ್ದೆ. ಹೊಗೆ ಹಿಡಿದ ಜಂತೆ, ಮೂಲೆಯಲ್ಲಿ ಒರಳುಕಲ್ಲು. ಮುಟ್ಟಿ ನೋಡಿದೆ, ತಣ್ಣಗಿತ್ತು.

ಈಗಿನ ಎಷ್ಟೋ ವೆಬ್‌ಸೈಟುಗಳೂ ಹೀಗೇ ಅಂತ ಭಾವ ವಿವರಿಸಿದರು. ಲಿಂಕ್ ಒತ್ತಿದರೆ ಹೊಸ ಪುಟ ಬರುವುದಿಲ್ಲ, ಇರುವ ಒಂದೇ ಪುಟದ ಒಳಗಿನದು ಬದಲಾಗುತ್ತದೆ.

ನಮ್ಮಕ್ಕ ಸರ್ವಮಂಗಳ ಗೋಡೆಯನ್ನೆಲ್ಲ ಸವರಿ ನೋಡಿದಳು. ಆಮೇಲೆ, ಒಲೆ ಮೇಲಿನ ಬಿರುಕು ಎಡಗಡೆ ಇತ್ತು, ನೀವು ಬಲಗಡೆ ಹಾಕಿದ್ದೀರಿ ಅಂದಳು. ಭಾವ ಆಗಲೇ ಸರಿ ಮಾಡಿದರು.

ಎರಡು ದಿನ ಚೆನ್ನಾಗಿ ನಡೆಯಿತು. ಮೂರನೇ ದಿನ ಅಕ್ಕ ಅಡುಗೆಮನೆಯಿಂದ ದೇವರಕೋಣೆಗೆ, ಅಲ್ಲಿಂದ ನಡುಮನೆಗೆ ಹೋದಳು. ದೀಪಕ್ಕೆ ಎಣ್ಣೆ ಹಾಕುವುದು ಮರೆತಿತ್ತೆಂದು ಎಣ್ಣೆ ಬಟ್ಟಲು ಹಿಡಿದು ಗುಂಡಿಗಳ ಪಕ್ಕದ ‘ಹಿಂದಕ್ಕೆ’ ಅನ್ನುವ ಹಿಡಿಕೆ ಎಳೆದಳು. ಮರುಕ್ಷಣ ರಸ್ತೆಯಲ್ಲಿದ್ದಳು, ಆಟೋ ಒಂದರ ಮುಂದೆ.

ಅವಳ ಲೆಕ್ಕಕ್ಕೆ ಮೂರು ಕೋಣೆ ದಾಟಿದ್ದಳು. ಯಂತ್ರದ ಲೆಕ್ಕಕ್ಕೆ ಮನೆಯೊಳಗೆ ಬಂದದ್ದೇ ಒಂದು ಸಲ, ಅದರ ಹಿಂದಿದ್ದದ್ದು ರಸ್ತೆ. ಭಾವ ಬಾಗಿಲ ಪಕ್ಕ ಒಂದು ಫಲಕ ಹಾಕಿದರು. ಕೋಣೆ ಬದಲಾದಾಗೆಲ್ಲ ಅದರಲ್ಲಿ ವಿಳಾಸವೂ ಬದಲಾಗುತ್ತಿತ್ತು: ಮನೆ ನಂಬರ್ ಹದಿನಾಲ್ಕು, ಅಡುಗೆಮನೆ; ಮನೆ ನಂಬರ್ ಹದಿನಾಲ್ಕು, ದೇವರಕೋಣೆ. ಯಂತ್ರ ಅವನ್ನು ಸಾಲಾಗಿ ನೆನಪಿಟ್ಟುಕೊಂಡಿತು. ಹಿಡಿಕೆ ಎಳೆದರೆ ಒಂದೊಂದೇ ಕೋಣೆ ಹಿಂದೆ ಹೋಗತೊಡಗಿತು.

ಈ ಧೈರ್ಯದ ಮೇಲೆ ಭಾವ ತಿಪಟೂರಿನಲ್ಲಿದ್ದ ತಮ್ಮ ಅಕ್ಕ ನಂಜಮ್ಮನವರಿಗೆ ಬಾಣಂತಿ ಕೋಣೆಯ ವಿಳಾಸ ಬರೆದು ಕಳಿಸಿದರು. ಎಪ್ಪತ್ತೆಂಟು ವರ್ಷದ ಹಿಂದೆ ಅವರು ಹುಟ್ಟಿದ್ದು ಆ ಕೋಣೆಯಲ್ಲೇ. ಮನೆ ಒಡೆದ ಮೇಲೆ ಅವರು ಈ ಊರಿಗೆ ಕಾಲಿಟ್ಟಿರಲಿಲ್ಲ.

ನಂಜಮ್ಮನವರು ಬಂದು ಆ ವಿಳಾಸದ ಚೀಟಿಯನ್ನು ಬಾಗಿಲಿಗೆ ತೋರಿಸಿದರು. ಬಾಗಿಲು ತೆರೆಯಿತು. ಎದುರಿಗೆ ಬೋಳು ಇಟ್ಟಿಗೆ ಗೋಡೆ. ‘ಇಂಥ ಕೋಣೆ ಇಲ್ಲ’ ಅಂತ ಬಾಗಿಲು ಹೇಳಿತು. ಕೋಣೆಗಳ ವಿಷಯ ಗೊತ್ತಿದ್ದದ್ದು ಒಳಗಿನ ಯಂತ್ರಕ್ಕೆ. ಬಾಗಿಲಿಗೆ ಯಾರೂ ಹೇಳಿರಲಿಲ್ಲ.

ನಂಜಮ್ಮನವರು ಮೆಟ್ಟಿಲ ಮೇಲೆ ಕೂತರು. “ಆ ಕೋಣೆ ಇಲ್ಲ ಅಂತ ನಂಗೂ ಗೊತ್ತು ಕಣೋ ಷಡಕ್ಷರಿ. ಅದನ್ನ ಬಾಗಿಲ ಕೈಲಿ ಬೇರೆ ಹೇಳಿಸಬೇಕಿತ್ತೇನೋ?”

ಭಾವ ಸ್ಕ್ರೂಡ್ರೈವರ್ ತಂದು ಬಾಗಿಲಿಗೆ ಪಾಠ ಹೇಳಿದರು. ಯಾವ ವಿಳಾಸ ಹಿಡಿದು ಬಂದವರನ್ನೂ ವಾಪಸ್ ಕಳಿಸಬಾರದು, ಮೊದಲು ಒಳಗೆ ಬಿಡಬೇಕು, ಚೀಟಿ ಓದಿ ಕೋಣೆ ತೋರಿಸುವುದು ಯಂತ್ರದ ಕೆಲಸ. ನಂಜಮ್ಮನವರು ಒಳಗೆ ಹೋದರು. ಅರ್ಧ ಗಂಟೆ ನಾವ್ಯಾರೂ ಅವರನ್ನು ಕರೆಯಲಿಲ್ಲ.

ಮಾರನೇ ದಿನ ಬೆಳಗಿನಿಂದ ಬಾಗಿಲು ಬಂದವರನ್ನೆಲ್ಲ ಒಳಗೆ ಕರೆದುಕೊಳ್ಳತೊಡಗಿತು. ಒಂಬತ್ತನೇ ನಂಬರಿಗೆ ಮದುವೆ ಪತ್ರಿಕೆ ತಂದವರು, ಹಳೇ ದರ್ಜಿಯನ್ನು ಹುಡುಕಿ ಬಂದವರು, ತಾವು ಆಡಿ ಬೆಳೆದ ಜಗಲಿ ಎಲ್ಲಿತ್ತು ಅಂತ ನೋಡಲು ಬಂದವರು. ಬೀದಿಯಲ್ಲಿ ಇಲ್ಲದ ವಿಳಾಸಗಳೆಲ್ಲ ಇಲ್ಲಿಗೇ ಬಂದು ಮುಟ್ಟಿದವು. ಗೊತ್ತಿಲ್ಲದ ವಿಳಾಸಕ್ಕೆ ಯಂತ್ರ ನಡುಮನೆ ತೋರಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಇಪ್ಪತ್ತೆರಡು ಜನ ಕೂತು, ಯಾರ ಮನೆ ಪಕ್ಕ ಯಾರ ಮನೆ ಇತ್ತು ಅಂತ ವಾದ ಮಾಡುತ್ತಿದ್ದರು.

ಅಕ್ಕ ಉಪ್ಪಿಟ್ಟು ಮಾಡೋಣವೆಂದು ಗುಂಡಿ ಒತ್ತಿದಳು. ಇಪ್ಪತ್ತೆರಡೂ ಜನ ಕೂತಲ್ಲೇ ಅಡುಗೆಮನೆಯಲ್ಲಿದ್ದರು.

ಭಾವ ಸಂಕೋಚದಿಂದ, ಬಾಗಿಲನ್ನು ಮೊದಲಿನ ಹಾಗೆ ಮಾಡಲೇ ಅಂತ ಕೇಳಿದರು.

“ಅದರ ತಂಟೆಗೆ ಹೋಗಬೇಡಿ. ಈರುಳ್ಳಿ ಹೆಚ್ಚೋರು ಯಾರಿದ್ದಾರೆ ಕೇಳಿ,” ಅಂದಳು ಅಕ್ಕ.

ಎಲ್ಲರೂ ಕೈ ಎತ್ತಿದರು. ಇದ್ದದ್ದು ಒಂದೇ ಈಳಿಗೆಮಣೆ.