ಎರಡು ನಿಮಿಷದ ಗಂಟು

ಎಲ್ಲಕ್ಕೂ ಮೂಲ ಒಂದು ಶೂ ಡಬ್ಬಿ. ಆಸ್ಪತ್ರೆಯವರೆಲ್ಲ ‘ಕ್ಯಾಮೆರಾ ಡಾಕ್ಟರ್’ ಎಂದು ಕರೆಯುತ್ತಿದ್ದ ಕಿರಿಯ ಸರ್ಜನ್ ಬೆಳಗ್ಗೆ ಎದ್ದವನೇ ಅದರ ಮುಚ್ಚಳಕ್ಕೆ ಎರಡು ತೂತು ಕೊರೆದು, ಒಳಗೆ ಪಾತ್ರೆ ತಿಕ್ಕುವ ಸ್ಪಂಜು ಅಂಟಿಸಿದ. ತನ್ನ ಕಡೆಗೊಂದು ಕಿಂಡಿ ಕತ್ತರಿಸಿ ಫೋನ್ ನಿಲ್ಲಿಸಿದ. ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಸಣ್ಣ ತೂತುಗಳಲ್ಲಿ ಉದ್ದನೆಯ ಇಕ್ಕಳ ತೂರಿಸಿ, ಪರದೆ ನೋಡಿಕೊಂಡು ಹೊಲಿಯುವ ವಿದ್ಯೆಯ ಅಭ್ಯಾಸ ಅದು. ಆಪರೇಷನ್ ಕೋಣೆಯಲ್ಲಿ ಎಂಟು ತಿಂಗಳಿಂದ ಅವನ ಪಾಲಿಗೆ ಬಂದದ್ದು ಕ್ಯಾಮೆರಾ ಹಿಡಿಯುವ ಕೆಲಸ ಮಾತ್ರ. ಇವತ್ತು ಸಂಜೆ ನಾಲ್ಕಕ್ಕೆ ದೊಡ್ಡ ಡಾಕ್ಟರ ಮುಂದೆ ಎರಡು ನಿಮಿಷದೊಳಗೆ ಬಿಗಿಯಾದ ಗಂಟು ಹಾಕಿದರೆ ನಾಳೆ ಸೂಜಿ ಅವನ ಕೈಗೆ.

“ಗಂಟು ಹಾಕೋಕೂ ಪರೀಕ್ಷೇನಾ ಅಳಿಯಂದ್ರೇ? ನಾನು ಕಣ್ಮುಚ್ಚಿ ಹಾಕ್ತೀನಿ,” ಎಂದರು ಅತ್ತೆ.

“ಇಲ್ಲಿ ಕೈ ಬಲಕ್ಕೆ ಹೋದ್ರೆ ಒಳಗಿನ ತುದಿ ಎಡಕ್ಕೆ ಹೋಗುತ್ತೆ ಅತ್ತೆ. ದೋಣಿ ಹುಟ್ಟಿನ ಥರ.”

“ಹಾಗಿದ್ರೆ ಎಡಕ್ಕೆ ಒಯ್ದ್ರೆ ಆಯ್ತಪ್ಪ! ಅದಕ್ಕೆ ಎಂಟು ತಿಂಗಳು ಬೇಕಾ?”

ಮೊದಲ ಗಂಟಿಗೆ ಐದು ನಿಮಿಷ ಹಿಡಿಯಿತು. ಎರಡನೆಯದು ಜಾರಿತು. ಮೂರನೆಯದಕ್ಕೆ ಸ್ಪಂಜೇ ಕಿತ್ತು ಬಂತು.

“ರೀ, ನನ್ನ ಸ್ಪಂಜು!” ಎಂದು ಹೆಂಡತಿ ಕೂಗಿದಳು.

“ನಾಳೆ ಹತ್ತು ತಂದ್ಕೊಡ್ತೀನಿ, ಇನ್ನೊಂದು ಕೊಡೇ!” ಹಿಡಿದ ಹಟ ಬಿಡುವ ಆಸಾಮಿಯಲ್ಲ ಅವನು.

ಮಧ್ಯಾಹ್ನ ಈ ಗಲಾಟೆ ಕೇಳಿ ಕೆಳಮನೆಯ ಟಿವಿ ರಿಪೇರಿಯವರು ಮೇಲೆ ಬಂದರು. “ಏನ್ ಡಾಕ್ಟ್ರೇ, ಅಂಗೈಯಗಲದ ಪರದೇಲಿ ಆಪರೇಷನ್ ಕಲೀತೀರಾ? ಸರೀರಿ ಆಚೆ.” ಅವರು ಡಬ್ಬಿಯ ಆಚೆ ಬದಿಯನ್ನು ಹರಿದು, ಫೋನನ್ನು ಅಲ್ಲಿ ಇವನತ್ತ ಮುಖಮಾಡಿ ಇಟ್ಟು, ಚಿತ್ರವನ್ನು ಟಿವಿಗೆ ಜೋಡಿಸಿಕೊಟ್ಟರು.

ಆಮೇಲೆ ನಡೆದದ್ದು ಪವಾಡ. ಕೈ ಹೋದತ್ತಲೇ ಸೂಜಿ ಹೋಯಿತು! ಮೂರು ನಿಮಿಷ, ಎರಡು, ಕೊನೆಗೆ ಒಂದು ನಿಮಿಷ ನಲವತ್ತು ಸೆಕೆಂಡು. ಅತ್ತೆ ಚಪ್ಪಾಳೆ ತಟ್ಟಿದರು. ಅವನಿಗೆ ಕಣ್ಣು ತುಂಬಿ ಬಂತು. ಕೈಗೆ ವಿದ್ಯೆ ಹತ್ತಿತು ಎಂದುಕೊಂಡು ಮೂರು ಗಂಟೆಯ ತನಕ ಒಂದೇ ಸಮನೆ ಇನ್ನೂ ಇಪ್ಪತ್ತು ಗಂಟು ಹಾಕಿದ.

ನಾಲ್ಕಕ್ಕೆ ಆಸ್ಪತ್ರೆಯ ಅಭ್ಯಾಸದ ಪೆಟ್ಟಿಗೆಯ ಮುಂದೆ ಎದೆಯುಬ್ಬಿಸಿ ನಿಂತ. ಕೈಯನ್ನು ಬಲಕ್ಕೆ ಒಯ್ದರೆ ಸೂಜಿ ಎಡಕ್ಕೆ ಓಡಿತು. ಎಡಕ್ಕೆ ಎಳೆದರೆ ಬಲಕ್ಕೆ ಜಿಗಿಯಿತು. ದಾರ ಇಕ್ಕಳಕ್ಕೇ ಸುತ್ತಿಕೊಂಡಿತು. ಒಂಬತ್ತು ನಿಮಿಷವಾದರೂ ಗಂಟಿನ ಸುಳಿವಿಲ್ಲ.

“ಮೊನ್ನೆ ನಾಲ್ಕು ನಿಮಿಷಕ್ಕೆ ಹಾಕಿದ್ದೆಯಲ್ಲಪ್ಪ! ಮನೇಲಿ ಏನು ಕಲಿತು ಬಂದೆ?” ಎಂದರು ದೊಡ್ಡ ಡಾಕ್ಟರು.

ಆಗ ಹೊಳೆಯಿತು. ಇಲ್ಲಿ ಕ್ಯಾಮೆರಾ ಇದ್ದದ್ದು ತನ್ನ ಕಡೆ, ಮನೆಯಲ್ಲಿ ಎದುರು ಕಡೆ. ಎದುರಿಗೆ ನಿಂತವನಿಗೆ ನಮ್ಮ ಬಲವೇ ಎಡ. ಇಕ್ಕಳ ತಿರುಗುಮುರುಗು ಮಾಡಿದ್ದನ್ನು ಆಚೆ ಬದಿಯ ಫೋನು ಇನ್ನೊಮ್ಮೆ ತಿರುಗಿಸಿ ನೆಟ್ಟಗೆ ತೋರಿಸಿತ್ತು. ಅವನು ಅರ್ಧ ದಿನ ಕೂತು, ಕಲಿತಿದ್ದನ್ನೆಲ್ಲ ಮರೆಯುವ ಅಭ್ಯಾಸ ಮಾಡಿದ್ದ.

ಆದರೂ ಸೋಲೊಪ್ಪಲಿಲ್ಲ. “ಸರ್, ತಪ್ಪು ನನ್ನ ಕೈಯದ್ದಲ್ಲ, ಕ್ಯಾಮೆರಾ ಇಟ್ಟ ಜಾಗದ್ದು!” ಎಂದು ಯಾವ ಕಡೆ, ಎಷ್ಟು ದೂರದಲ್ಲಿ, ಎಷ್ಟು ಓರೆಯಾಗಿ ಇಟ್ಟರೆ ಹೇಗೆ ಕಾಣುತ್ತದೆ ಎಂದು ಚಿತ್ರ ಬರೆದು ಹತ್ತು ನಿಮಿಷ ವಿವರಿಸಿದ.

ದೊಡ್ಡ ಡಾಕ್ಟರು ಪೂರ್ತಿ ಕೇಳಿದರು. ಕನ್ನಡಕ ತೆಗೆದು, ಮೆಚ್ಚುಗೆಯಿಂದ ಅವನ ಬೆನ್ನು ತಟ್ಟಿದರು.

“ಕ್ಯಾಮೆರಾ ವಿಷಯ ಇಷ್ಟು ಚೆನ್ನಾಗಿ ಗೊತ್ತಿರೋನು ಈ ಆಸ್ಪತ್ರೇಲಿ ಇನ್ನೊಬ್ಬನಿಲ್ಲ ಕಣಪ್ಪ. ನಾಳೆನೂ ನೀನೇ ಹಿಡ್ಕೋ.”